ರೇಷ್ಮೆ ಹುಳುವಿಗೆ ಯಾವಾಗ ಏನು ಮಾಡಬೇಕೆಂದು ನೆನಪಿಸುವ ನನ್ನ ಆ್ಯಪಿನ ಅಲಾರಾಂ ಹೊಡೆಯಲಿಲ್ಲವಂತೆ!

ಹೊಡೆಯಲಿಲ್ಲ, ನಿಜ. ಆದರೆ ಅದರ ಬಾಯಿ ಕಟ್ಟಿದವರು ಯಾರು? ಯಾರಾದರೂ ಉತ್ತರ ಕೊಡಿ, ನನಗೆ ಊಟ ಸೇರುತ್ತಿಲ್ಲ.

ಇವತ್ತು ಬೆಳಿಗ್ಗೆ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ನಮ್ಮ ಲಾಟ್‌ನ ಹರಾಜಿಗೆ ಕಾಯುತ್ತ ನಿಂತಿದ್ದೆ. ಯಜಮಾನರೊಬ್ಬರು ದೂರದಿಂದಲೇ ಫೋನನ್ನು ಎತ್ತಿ ಹಿಡಿದುಕೊಂಡು ಬಂದರು. "ಇವನೇ, ಇವನೇ ಆ ಹುಳುವಿನ ಆ್ಯಪ್ ಮಾಡಿದ ಹುಡುಗ!" ಹೊಗಳುತ್ತಾರೆ ಎಂದುಕೊಂಡು ನಾನು ಹಲ್ಲು ಕಿರಿದೆ. ಆ ನಗು ನೆನಪಾದರೆ ಈಗಲೂ ಮೈ ಉರಿಯುತ್ತದೆ. "ಹುಳು ನಾಲ್ಕನೇ ಜ್ವರದಿಂದ ಎದ್ದರೂ ಇದು ಉಸಿರೆತ್ತಲಿಲ್ಲ. ಪುಡಿ ಹಾಕದೆ ಸೊಪ್ಪು ಕೊಟ್ಟುಬಿಟ್ಟೆವು. ಹಾಲುತೊಂಡೆ ಬಂದು ಅರ್ಧ ಬೆಳೆ ಹೋಯಿತು." (ಜ್ವರ ಅಂದರೆ ಕಾಯಿಲೆಯಲ್ಲ, ಹುಳು ಮೇಯುವುದು ಬಿಟ್ಟು ಪೊರೆ ಕಳಚುವ ಹೊತ್ತು. ಎದ್ದ ಮೇಲೆ ಸೊಪ್ಪಿಗೆ ಮುಂಚೆ ರೋಗ ತಡೆಯುವ ಪುಡಿ ಹಾಕಬೇಕು.) ಪಕ್ಕದಲ್ಲಿ ಗೂಡನ್ನು ಬೆರಳಲ್ಲಿ ಒತ್ತಿ ನೋಡುತ್ತಿದ್ದ, ನೂಲು ತೆಗೆಯುವ ರೀಲರ್ ಒಬ್ಬರು ತಲೆ ಎತ್ತಿದರು. "ಎಷ್ಟು ಕೊಟ್ಟಿರಿ ಅದಕ್ಕೆ?"

"ಪುಕ್ಕಟೆ."

"ಹಾಗಾದರೆ ಅಷ್ಟೇ ಬಿಡಿ."

ಅಷ್ಟು ಹೇಳಿ ಅವರು ಮತ್ತೆ ಗೂಡು ಒತ್ತತೊಡಗಿದರು. ಸುತ್ತ ನಿಂತವರೆಲ್ಲ ನಕ್ಕರು. ನನ್ನ ಹಲ್ಲು ಇನ್ನೂ ಒಳಗೆ ಹೋಗಿರಲಿಲ್ಲ, ಹಾಗಾಗಿ ನಾನೂ ಅವರೊಂದಿಗೆ ನಕ್ಕಂತೆ ಆಯಿತು. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಅಷ್ಟೇ ಬಿಡಿ ಎಂದವರಿಗೆ ಏನು ಹೇಳುವುದು?

ಹಾಲುತೊಂಡೆ ವೈರಸ್‌ನಿಂದ ಬರುವ ರೋಗ. ಹುಳು ಸಾಕುವ ಮನೆಯನ್ನು ತೊಳೆದದ್ದು ಸಾಲದಿದ್ದರೂ ಬರುತ್ತದೆ, ಒಂದು ಸಲ ಪುಡಿ ತಪ್ಪಿದ್ದೇ ಕಾರಣ ಎನ್ನಲಾಗದು. ಆದರೆ ನಾನು ಹುಟ್ಟುವ ಮುಂಚಿನಿಂದ ಬೆಳೆ ಎತ್ತುತ್ತಿರುವ ಹಿರಿಯರಿಗೆ ಹಾಗೆ ಹೇಳಲು ಬಾಯಿ ಬರುತ್ತದೆಯೇ? ಫೋನನ್ನು ಈಸಿಕೊಂಡು ನೋಡಿದೆ. ಸೂಚನೆಯ ಅನುಮತಿ ಇದೆ. ಅಲಾರಾಂ ಅನುಮತಿ ಇದೆ. ಆಂಡ್ರಾಯ್ಡ್ 14ರಿಂದ ಅದು ಬಹುತೇಕ ಆ್ಯಪ್‌ಗಳಿಗೆ ತಾನಾಗಿ ಸಿಗುವುದಿಲ್ಲವೆಂದೇ ಮೊದಲ ಪರದೆಯಲ್ಲಿ ದಪ್ಪಕ್ಷರದಲ್ಲಿ ಕೇಳುವಂತೆ ತಿದ್ದಿದ್ದೆ, ಅವರು ಕೊಟ್ಟೂ ಇದ್ದಾರೆ. ಆದರೆ ಫೋನಿನ ಬ್ಯಾಟರಿ ಉಳಿತಾಯ ನನ್ನ ಆ್ಯಪನ್ನು "ಹೆಚ್ಚು ಬಳಸುತ್ತಿಲ್ಲ" ಎಂದು ಮಲಗಿಸಿಬಿಟ್ಟಿದೆ. ನೆನಪಿಸುವ ಆ್ಯಪನ್ನು ಯಾರಾದರೂ ದಿನವಿಡೀ ತೆರೆದುಕೊಂಡು ಕೂರುತ್ತಾರೆಯೇ? ತೆರೆಯುವ ಗೋಜೇ ಬೇಡವೆಂದು ತಾನೇ ಅದನ್ನು ಮಾಡಿದ್ದು! ಸಾಲದ್ದಕ್ಕೆ ಮೊಮ್ಮಗ ಆಟ ಆಡಿ ಮುಗಿಸಿದಾಗಲೆಲ್ಲ "ಎಲ್ಲವನ್ನೂ ಮುಚ್ಚು" ಒತ್ತುತ್ತಾನಂತೆ. ಕೆಲವು ಫೋನ್‌ಗಳಲ್ಲಿ ಅಷ್ಟಕ್ಕೇ ಅಲಾರಾಂ ಅಳಿಸಿಹೋಗುತ್ತದೆ.

ಇದನ್ನೆಲ್ಲ ವಿವರಿಸಿದೆ. ಸೆಟ್ಟಿಂಗ್ಸ್, ಬ್ಯಾಟರಿ, ಆ್ಯಪ್ ಹೆಸರು, ನಿರ್ಬಂಧ ತೆಗೆ ಎಂದು ಒಂದೊಂದಾಗಿ ಒತ್ತಿಸಿದೆ. ಯಜಮಾನರು ತಾಳ್ಮೆಯಿಂದ ನೋಡಿ ಹೇಳಿದರು: "ಇಷ್ಟೆಲ್ಲ ಒತ್ತುವುದಕ್ಕೆ ಗೋಡೆಯ ಕ್ಯಾಲೆಂಡರ್ ಏನು ತಪ್ಪು ಮಾಡಿತ್ತಪ್ಪ?"

ಮನೆಗೆ ಬಂದರೆ ಒಂದು ನಕ್ಷತ್ರದ ವಿಮರ್ಶೆ ಕಾದಿತ್ತು. "ಬಾಯಿಲ್ಲದ ಆ್ಯಪ್." ಬರೆದವರು ಅವರೋ ಅವರ ಮೊಮ್ಮಗನೋ ಗೊತ್ತಿಲ್ಲ.

ಆ್ಯಪನ್ನೇ ತೆಗೆದುಹಾಕುತ್ತೇನೆ. ಸಾಕು. ಪ್ಲೇ ಸ್ಟೋರ್‌ಗೆ 25 ಡಾಲರ್ ಕಟ್ಟಿದೆ. ಹೊಸ ವೈಯಕ್ತಿಕ ಖಾತೆಯವರು ಕನಿಷ್ಠ 12 ಮಂದಿಯಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕೆಂಬ ನಿಯಮಕ್ಕಾಗಿ ಹುಳುವನ್ನೇ ಮುಟ್ಟದ ನೆಂಟರ ಕಾಲು ಹಿಡಿದೆ. ಚಿಂತಾಮಣಿಯ ನಮ್ಮ ಭಾವ ಟೊಮೆಟೊ ಬೆಳೆಯುವವರು, ಪಾಪ, ಇಲ್ಲದ ಹುಳುವಿಗೆ ದಿನಾ ಸೊಪ್ಪು ಹಾಕಿದ್ದೇನೆಂದು ಒತ್ತಿದರು. ಬಿಡುಗಡೆಯಾದ ಮೇಲೆ ಅಕ್ಷರ ದೊಡ್ಡದು ಮಾಡಿದೆ, ದ್ವಿತಳಿ, ಮಿಶ್ರತಳಿ ಎಂಬ ಎರಡು ಬಗೆಯ ಹುಳುವಿಗೂ ಬೇರೆ ಬೇರೆ ಲೆಕ್ಕ ಹಾಕಿದೆ, ಇಂಟರ್ನೆಟ್ ಇಲ್ಲದೆಯೂ ನಡೆಯುವಂತೆ ಮಾಡಿದೆ. ಅದಕ್ಕೆಲ್ಲ ಯಾರೂ ಅರ್ಧ ನಕ್ಷತ್ರವನ್ನೂ ಕೊಡಲಿಲ್ಲ.

ಇನ್ನೊಂದು ಕಥೆ ಕೇಳಿ. ನಮ್ಮ ಅಮ್ಮ ಈ ಆ್ಯಪನ್ನು ಇವತ್ತಿಗೂ ಹಾಕಿಕೊಂಡಿಲ್ಲ. ರಾತ್ರಿ ಹಾಸಿಗೆಯಿಂದಲೇ ಹುಳು ಮೇಯುವ ಸದ್ದು ಕೇಳುತ್ತಾಳೆ. ಸದ್ದು ನಿಂತರೆ ಜ್ವರಕ್ಕೆ ಕೂತಿತು ಎನ್ನುತ್ತಾಳೆ, ಎದ್ದು ಹೋಗಿ ಸುಣ್ಣದ ಪುಡಿ ಚೆಲ್ಲಿ ಬಂದು ಮಲಗುತ್ತಾಳೆ. ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ಅದನ್ನೇ ಫೋನಿಗೆ ಕಲಿಸಲು ಹೊರಟ ಮಹಾ ಪಂಡಿತ.

ಆದರೂ ಬಿಡಲು ಮನಸ್ಸಿಲ್ಲ. ನಾಲ್ಕನೇ ಜ್ವರ ಎದ್ದ ಮೇಲಿನ ವಾರದಲ್ಲೇ ಹುಳು ಒಟ್ಟು ಸೊಪ್ಪಿನ ಶೇ 80ಕ್ಕೂ ಹೆಚ್ಚು ತಿನ್ನುವುದು. ರೈತನ ದುಡ್ಡು, ದುಡಿಮೆ ಎಲ್ಲ ಅಲ್ಲೇ ಇರುತ್ತದೆ. ಆ ವಾರದಲ್ಲೇ ಫೋನು ಬ್ಯಾಟರಿ ಉಳಿಸುತ್ತ ಕೂರುವುದೆಂದರೆ! ಫೋನ್ ತಯಾರಿಸುವವರೇ, ಈ ಸೆಟ್ಟಿಂಗ್ ಅನ್ನು ಎಲ್ಲರೂ ಒಂದೇ ಕಡೆ, ಒಂದೇ ಹೆಸರಲ್ಲಿ ಇಟ್ಟರೆ ನಿಮ್ಮ ಗಂಟೇನು ಹೋಗುತ್ತದೆ? ನನ್ನ ಮೂರು ಪತ್ರಗಳಿಗೂ ಯಂತ್ರವೇ ಉತ್ತರ ಕೊಟ್ಟಿದೆ.

ಇವತ್ತು ರಾತ್ರಿ ಇನ್ನೊಂದು ಪರದೆ ಸೇರಿಸುತ್ತಿದ್ದೇನೆ, ಫೋನಿನ ಕಂಪನಿ ಆರಿಸಿದರೆ ಎಲ್ಲೆಲ್ಲಿ ಒತ್ತಬೇಕೆಂದು ಚಿತ್ರ ಸಮೇತ ತೋರಿಸುವಂಥದ್ದು. ತೆಗೆದುಹಾಕುವ ವಿಷಯ ನಾಳೆ ನೋಡೋಣ. ನಿಮ್ಮ ಫೋನಿನಲ್ಲಿ ಬ್ಯಾಟರಿ ನಿರ್ಬಂಧ ಎಲ್ಲಿದೆ, ಕನ್ನಡದಲ್ಲಿ ಅದನ್ನು ಏನೆಂದು ಬರೆದಿದ್ದಾರೆ ಎನ್ನುವುದರ ಚಿತ್ರ ತೆಗೆದು ಕಳುಹಿಸಿ. ಆಮೇಲೆ ಬೇಕಾದರೆ ಬೈಯಿರಿ.