ಸ್ಪಷ್ಟನೆ: ಮಕ್ಕಳಿಗೆ ಮೊಂಡು ಚಾಕು ಸುರಕ್ಷಿತವಲ್ಲ

ಶಿಬಿರಕ್ಕೆ ಹೊರಡುವ ಮಕ್ಕಳ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಮೊದಲ ಚಾಕು ಮೊಂಡಾಗಿರಲಿ, ಕೈ ಕುಯ್ಯುವುದಿಲ್ಲ’ ಎಂಬ ಸಲಹೆ ಓಡಾಡುತ್ತಿದೆ. ಇದು ತಪ್ಪು, ಅಪಾಯಕಾರಿಯೂ ಹೌದು.

ಮೊಂಡು ಅಲಗು ಕಟ್ಟಿಗೆಯೊಳಗೆ ಇಳಿಯುವುದಿಲ್ಲ. ಮಗು ಇನ್ನಷ್ಟು ಬಲ ಹಾಕಿ ಒತ್ತುತ್ತದೆ. ಆ ಬಲಕ್ಕೆ ಅಲಗು ಸರ್ರನೆ ಜಾರಿ ಹೆಬ್ಬೆರಳಿಗೋ ತೊಡೆಗೋ ತಗಲುತ್ತದೆ. ಹರಿತವಾದ ಚಾಕು ಹಗುರ ಒತ್ತಡಕ್ಕೇ ಕತ್ತರಿಸುವುದರಿಂದ ಹಿಡಿತ ಕೈಯಲ್ಲೇ ಉಳಿಯುತ್ತದೆ. ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗೊಂದಲ ಹುಟ್ಟಿದ್ದು ಬಹುಶಃ ತುದಿಯ ವಿಚಾರದಿಂದ. ತುದಿ ದುಂಡಗಿರುವುದು ಒಳ್ಳೆಯದೇ, ಚುಚ್ಚುವುದಿಲ್ಲ. ಫ್ರಾನ್ಸ್‌ನ ಒಪಿನೆಲ್ ಕಂಪನಿ ಮಕ್ಕಳಿಗೆಂದೇ ಮಾಡುವ ಮಡಚುವ ಚಾಕುವಿನ ತುದಿ ದುಂಡಗಿದೆ, ಅಂಚು ಮಾತ್ರ ಹರಿತ. ಬೆರಳ ಮೇಲೆ ಮಡಚಿಕೊಳ್ಳದಂತೆ ಲಾಕ್ ಉಂಗುರವೂ ಇದೆ.

ಅಮೆರಿಕದ ಸ್ಕೌಟ್‌ಗಳು ಚಾಕು ಇಟ್ಟುಕೊಳ್ಳಲು ‘ಟೋಟಿನ್ ಚಿಪ್’ ಕಾರ್ಡ್ ಗಳಿಸಬೇಕು. ಅದಕ್ಕೆ ಬಳಕೆಯ ಜೊತೆ ಆರೈಕೆಯನ್ನೂ ಮಾಡಿ ತೋರಿಸಬೇಕು. ಬೇಜವಾಬ್ದಾರಿ ಕಂಡರೆ ಆ ಹಕ್ಕು ಹೋಗುತ್ತದೆ.

ಹಾಗಾಗಿ ದಯವಿಟ್ಟು ಹರಿತವಾದದ್ದನ್ನೇ ಕೊಡಿ, ತುಸು ದೂರದಲ್ಲಿ ಕುಳಿತು, ಕಣ್ಣಿಟ್ಟು ಕಲಿಸಿ. ಚಾಕು ಹಿಡಿದ ಮಗು ಕೈಚಾಚಿದಷ್ಟು ದೂರದೊಳಗೆ ಯಾರೂ ಇರಬಾರದು, ಅಲಗು ಯಾವಾಗಲೂ ಮೈಯಿಂದ ಆಚೆಗೇ ಸಾಗಬೇಕು.