ಗುಟ್ಟಿನ ಬೆಲೆ ತೆರುವವರು ಯಾರು?

ವಿಜಯಪುರದಲ್ಲಿ ಕುಳಿತು ಕನ್ನಡದಲ್ಲಿ ಸಿನಿಮಾ ವಿಶ್ಲೇಷಣೆಯ ವಿಡಿಯೊ ಚಾನೆಲ್ ನಡೆಸುತ್ತಿದ್ದೇನೆ. ಸೂಪರ್‌ಹೀರೋಗಳ ಗುಪ್ತ ಗುರುತಿನ ಬಗ್ಗೆ ಸರಣಿ ಆರಂಭಿಸಿದ ಮೇಲೆ ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಸೂಪರ್‌ಮ್ಯಾನ್ ಕನ್ನಡಕ ಹಾಕಿಕೊಂಡು ಪತ್ರಕರ್ತ ಕ್ಲಾರ್ಕ್ ಕೆಂಟ್ ಆದ ಮಾತ್ರಕ್ಕೆ ಪಕ್ಕದ ಮೇಜಿನಲ್ಲಿ ಕುಳಿತ ಸಹೋದ್ಯೋಗಿ ಲೋಯಿಸ್ ಲೇನ್‌ಗೆ ಗುರುತು ಸಿಗುವುದಿಲ್ಲವೇ? ಪ್ರಶ್ನೆ ಸಹಜವೇ. ಆದರೆ ಅದಕ್ಕೆ ಉತ್ತರವನ್ನು ಕ್ರಿಸ್ಟೋಫರ್ ರೀವ್ ಎಂಬ ನಟ 1978ರಲ್ಲಿಯೇ ಕೊಟ್ಟುಬಿಟ್ಟಿದ್ದಾರೆ.

ಆ ವರ್ಷದ ಸೂಪರ್‌ಮ್ಯಾನ್ ಚಿತ್ರದಲ್ಲಿ ಲೋಯಿಸ್ ಮನೆಯ ದೃಶ್ಯವೊಂದಿದೆ. ಆಕೆ ಒಳಕೋಣೆಗೆ ಹೋಗಿದ್ದಾಳೆ. ಕ್ಲಾರ್ಕ್ ಕೆಂಟ್ ಒಬ್ಬನೇ ನಿಂತಿದ್ದಾನೆ. ನಿಜ ಹೇಳಿಬಿಡೋಣ ಎಂದು ಕನ್ನಡಕ ತೆಗೆಯುತ್ತಾನೆ. ಬಾಗಿದ ಬೆನ್ನು ನೆಟ್ಟಗಾಗುತ್ತದೆ, ಭುಜ ಅಗಲವಾಗುತ್ತದೆ, ದನಿ ಗಟ್ಟಿಯಾಗುತ್ತದೆ. ಅಷ್ಟರಲ್ಲಿ ಧೈರ್ಯ ಕುಸಿದು ಕನ್ನಡಕ ಮತ್ತೆ ಮೂಗಿನ ಮೇಲೆ ಬರುತ್ತದೆ, ಆಳು ಮತ್ತೆ ಕುಗ್ಗುತ್ತಾನೆ. ಮೈಮೇಲಿನ ಬಟ್ಟೆ ಅದೇ, ಮುಖ ಅದೇ, ಆದರೂ ನಮ್ಮ ಕಣ್ಣೆದುರು ಇಬ್ಬರು ಬಂದು ಹೋದರು. ದನಿ ತೆಗೆದು ಬರೀ ಭುಜಗಳನ್ನೇ ನೋಡಿ ಎಂದು ನನ್ನ ವಿಡಿಯೊದಲ್ಲಿ ಕೇಳಿಕೊಂಡಿದ್ದೇನೆ. ಈ ದೃಶ್ಯ ನೋಡಿದ ಮೇಲೆ ಕನ್ನಡಕದ ತಕರಾರು ಉಳಿಯುವುದಿಲ್ಲ ಎಂಬುದು ನನ್ನ ನಂಬಿಕೆ.

ನನ್ನನ್ನು ಕಾಡುವ ಪ್ರಶ್ನೆ ಬೇರೆಯದು. ಗುಟ್ಟು ನಾಯಕನದು, ಸರಿ. ಅದರ ಬೆಲೆ ತೆರುವವರು ಯಾರು?

ಈ ಪ್ರಶ್ನೆ ನನಗೆ ಅಮೆರಿಕದ ಕಾಮಿಕ್ಸ್‌ನಿಂದ ಹುಟ್ಟಿದ್ದಲ್ಲ. ಮಳೆ ಕೈಕೊಟ್ಟರೆ ವಿರಾಟಪರ್ವ ಓದಿಸುವ ರೂಢಿ ನಮ್ಮ ಕಡೆ ಇದೆ. ಗುಡಿಯ ಕಟ್ಟೆಯ ಮೇಲೆ ಕುಳಿತು ಕುಮಾರವ್ಯಾಸನನ್ನು ಕೇಳುತ್ತ ಬೆಳೆದವನು ನಾನು. ಹದಿಮೂರನೆಯ ವರ್ಷದಲ್ಲಿ ಗುರುತು ಬಯಲಾದರೆ ಮತ್ತೆ ಹನ್ನೆರಡು ವರ್ಷ ಕಾಡು. ಅದಕ್ಕಾಗಿ ಆಯುಧಗಳನ್ನು ಬನ್ನಿಯ ಮರಕ್ಕೇರಿಸಿ ಪಾಂಡವರು ವಿರಾಟನ ಅರಮನೆ ಸೇರುತ್ತಾರೆ. ಆ ಮರದ ಎಲೆಯನ್ನೇ ನಾವು ದಸರೆಗೆ ಬಂಗಾರವೆಂದು ಹಂಚುತ್ತೇವೆ. ಅವರ ವೇಷಗಳನ್ನು ಗಮನಿಸಿ. ಜೂಜಿನಲ್ಲಿ ಎಲ್ಲವನ್ನೂ ಸೋತ ಧರ್ಮರಾಯ ಅಲ್ಲಿ ದಾಳ ಉರುಳಿಸುವ ಕಂಕಭಟ್ಟ. ಊಟಕ್ಕೆ ಹೆಸರಾದ ಭೀಮ ಬಾಣಸಿಗ ವಲಲ. ಊರ್ವಶಿ ಕೊಟ್ಟ ಶಾಪವೇ ಅರ್ಜುನನಿಗೆ ಬೃಹನ್ನಳೆಯ ವೇಷವಾಗುತ್ತದೆ. ವೇಷ ಕಟ್ಟುವುದಕ್ಕೆ ಅವರು ಹೊರಗಿನಿಂದ ಏನನ್ನೂ ತರಲಿಲ್ಲ. ತಮ್ಮೊಳಗೇ ಇದ್ದುದನ್ನು ಎತ್ತಿ ಹೊದ್ದುಕೊಂಡರು.

ಕೀಚಕನು ಸೈರಂಧ್ರಿಯನ್ನು ತುಂಬಿದ ಸಭೆಯಲ್ಲಿ ಒದೆಯುವ ಭಾಗ ಬಂದಾಗ ಹಿಂದೆ ಕುಳಿತ ಅಜ್ಜಿಯರು ಕೀಚಕನಿಗಿಂತ ಹೆಚ್ಚಾಗಿ ಧರ್ಮರಾಯನನ್ನೇ ಶಪಿಸುತ್ತಿದ್ದರು. ಗಂಡಂದಿರು ಅಲ್ಲೇ ಇದ್ದಾರೆ. ಭೀಮ ಎದುರಿನ ಮರವನ್ನು ದಿಟ್ಟಿಸುತ್ತಾನೆ, ಅಣ್ಣ ಸನ್ನೆ ಮಾಡಿ ತಡೆಯುತ್ತಾನೆ. ಗುಟ್ಟು ಉಳಿಯಿತು. ಒದೆ ತಿಂದವಳು ದ್ರೌಪದಿ. ಆಕೆ ನಡುರಾತ್ರಿ ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸಿ, ಮೂರು ಲೋಕದ ಗಂಡರೆನಿಸಿಕೊಂಡ ಐವರಿಂದ ಒಬ್ಬಳನ್ನು ಕಾಯಲಾಗಲಿಲ್ಲವಲ್ಲ ಎಂದು ಕೇಳುತ್ತಾಳೆ. ಗುಪ್ತ ಗುರುತಿನ ಕುರಿತು ಇದಕ್ಕಿಂತ ಹರಿತವಾದ ಮಾತನ್ನು ನಾನು ಯಾವ ಸೂಪರ್‌ಹೀರೋ ಕತೆಯಲ್ಲೂ ಕೇಳಿಲ್ಲ. ಅಲ್ಲಿಂದಾಚೆಗೆ ಯಾವ ಚಿತ್ರ ನೋಡಿದರೂ ಅದನ್ನು ದ್ರೌಪದಿಯ ಪ್ರಶ್ನೆಗೇ ಒಡ್ಡಿ ನೋಡುತ್ತೇನೆ.

ಸೂಪರ್‌ಮ್ಯಾನ್ ಸರಣಿಯ ಎರಡನೆಯ ಚಿತ್ರ ತೆರೆಕಂಡಿದ್ದು 1980ರಲ್ಲಿ. ಅದರಲ್ಲಿ ಲೋಯಿಸ್‌ಗೆ ಗುಟ್ಟು ತಿಳಿದುಬಿಡುತ್ತದೆ. ಇಬ್ಬರೂ ಪ್ರೀತಿಸುತ್ತಾರೆ. ಕೊನೆಗೆ ಆಕೆಯ ಸಂಕಟ ನೋಡಲಾರದೆ ಕ್ಲಾರ್ಕ್ ಒಂದು ಮುತ್ತು ಕೊಟ್ಟು ಅವಳ ನೆನಪನ್ನೇ ಅಳಿಸಿಹಾಕುತ್ತಾನೆ. ಅವಳನ್ನು ಒಂದು ಮಾತು ಕೇಳುವುದಿಲ್ಲ. ಚಿತ್ರ ಇದನ್ನು ತ್ಯಾಗವೆಂಬಂತೆ ತೋರಿಸುತ್ತದೆ, ಸಂಗೀತವೂ ಹಾಗೆಯೇ ಮಿಡಿಯುತ್ತದೆ. ನನಗಂತೂ ಆ ದೃಶ್ಯ ಸಹಿಸಲಾಗುವುದಿಲ್ಲ. ಅವಳ ಬದುಕಿನ ಅತ್ಯಂತ ಸತ್ಯವಾದ ದಿನಗಳನ್ನು ಕಿತ್ತುಕೊಂಡು, ಅವಳ ಒಳಿತಿಗಾಗಿ ಎನ್ನುವುದು ಯಾವ ನ್ಯಾಯ?

ಇದರ ಪಕ್ಕದಲ್ಲಿ 2021ರ ಸ್ಪೈಡರ್‌ಮ್ಯಾನ್ ಚಿತ್ರವನ್ನು ಇಟ್ಟು ನೋಡಿ. ಅಲ್ಲಿಯೂ ಮರೆವೇ ಪರಿಹಾರ. ಪೀಟರ್ ಪಾರ್ಕರ್ ಎಂಬ ಹುಡುಗನೇ ಸ್ಪೈಡರ್‌ಮ್ಯಾನ್ ಎಂಬುದು ಜಗತ್ತಿಗೆಲ್ಲ ಗೊತ್ತಾಗಿ, ಅವನ ಗೆಳೆಯರಿಗೆ ಕಾಲೇಜು ಸೀಟು ತಪ್ಪಿದೆ. ಮುಂದೆ ಅವನನ್ನು ಸಾಕಿದ ಆಂಟ್ ಮೇ ಸಾಯುತ್ತಾಳೆ. ಇಲ್ಲಿ ಬೆಲೆ ಯಾರು ತೆರುತ್ತಿದ್ದಾರೆ ಎಂಬುದನ್ನು ಚಿತ್ರ ಮುಚ್ಚಿಡುವುದಿಲ್ಲ. ಆಗ ಪೀಟರ್ ತನ್ನನ್ನೇ ಎಲ್ಲರೂ ಮರೆಯುವಂತೆ ಮಂತ್ರ ಹಾಕು ಎಂದು ಮಾಂತ್ರಿಕ ಡಾಕ್ಟರ್ ಸ್ಟ್ರೇಂಜ್‌ನನ್ನು ಕೇಳಿಕೊಳ್ಳುತ್ತಾನೆ. ಪ್ರೇಯಸಿ ಎಂಜೆಗೂ ಗೆಳೆಯ ನೆಡ್‌ಗೂ ಮೊದಲೇ ಹೇಳುತ್ತಾನೆ, ಹುಡುಕಿಕೊಂಡು ಬರುತ್ತೇನೆಂದು ಮಾತು ಕೊಡುತ್ತಾನೆ. ಕೊನೆಯಲ್ಲಿ ಎಂಜೆ ಕೆಲಸ ಮಾಡುವ ಅಂಗಡಿಗೆ, ಹೇಳಬೇಕಾದ ಮಾತನ್ನು ಚೀಟಿಯಲ್ಲಿ ಬರೆದುಕೊಂಡು ಬರುತ್ತಾನೆ. ಆಕೆಯ ಹಣೆಯ ಮೇಲೊಂದು ಸಣ್ಣ ಪಟ್ಟಿ ಅಂಟಿಸಿದೆ. ಅವನಿಂದಾಗಿ ನಡೆದ ಕೊನೆಯ ಕಾಳಗದ ರಾತ್ರಿಯ ಗಾಯ. ನೋಯುತ್ತಿದೆಯೇ ಎಂದರೆ ಈಗ ಇಲ್ಲ ಎನ್ನುತ್ತಾಳೆ. ಚೀಟಿ ಹೊರಗೆ ಬರುವುದಿಲ್ಲ. ಕೊಟ್ಟ ಮಾತನ್ನು ಅವನು ಮುರಿದ, ಆ ಬಗ್ಗೆ ವಾದಿಸಬಹುದು. ಎಂಜೆಗೆ ಆಯ್ಕೆಯ ಹಕ್ಕು ಇತ್ತು ಎನ್ನುವವರ ಪರವಾಗಿ ನಾನೂ ಅರ್ಧ ನಿಲ್ಲುತ್ತೇನೆ. ಆದರೂ ದೊಡ್ಡ ಹೊರೆ ಹೊತ್ತವನು ಅವನೇ. ಬಾಡಿಗೆ ಕೋಣೆಯಲ್ಲಿ, ಯಾರಿಗೂ ಏನೂ ಆಗಿರದ ಹುಡುಗನಾಗಿ ಉಳಿಯುತ್ತಾನೆ.

2008ರ ಐರನ್ ಮ್ಯಾನ್ ಚಿತ್ರದಲ್ಲಿ ಟೋನಿ ಸ್ಟಾರ್ಕ್ ಪತ್ರಕರ್ತರ ಮುಂದೆ ತಾನೇ ಐರನ್ ಮ್ಯಾನ್ ಎಂದು ಒಪ್ಪಿಕೊಂಡ ಮೇಲೆ ಗುಪ್ತ ಗುರುತು ಹಳೆಯ ಕಾಲದ್ದಾಯಿತು ಎನ್ನುವವರಿದ್ದಾರೆ. ಕೋಟ್ಯಧಿಪತಿಗೆ ಅದು ಸಾಧ್ಯ. ಕಾಮಿಕ್ಸ್‌ನಲ್ಲಿ ಫೋಟೊ ಮಾರಿ ಹೊಟ್ಟೆ ಹೊರೆಯುವ ಪೀಟರ್‌ಗೆ ಗುಟ್ಟಲ್ಲದೆ ಬೇರೆ ಕೋಟೆ ಎಲ್ಲಿದೆ?

ಇಂಥ ವಿಡಿಯೊ ಯಾರು ನೋಡುತ್ತಾರೆ, ಕತೆಯನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸು ಎಂದು ಹಿತೈಷಿಗಳು ಹೇಳುತ್ತಾರೆ. ಕತೆ ಹೇಳಲು ಬೇಕಾದಷ್ಟು ಚಾನೆಲ್‌ಗಳಿವೆ. ನಮ್ಮ ಭಾಷೆಯಲ್ಲಿ ಒಂದು ದೃಶ್ಯದ ಜೊತೆ ಜಗಳವಾಡುವ ಮಾತೂ ಬೇಕು. ಅದು ಸುಲಭವೇನಲ್ಲ. ರಾತ್ರಿ ಟಂಟಂ ಆಟೊಗಳ ಸದ್ದು ನಿಂತ ಮೇಲೆಯೇ ದನಿ ರೆಕಾರ್ಡ್ ಮಾಡಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್ ವಿಮರ್ಶೆಗಾಗಿ ನ್ಯಾಯಯುತ ಬಳಕೆಗೆ ಅವಕಾಶ ಕೊಟ್ಟಿದೆ, ಆದರೆ ಯೂಟ್ಯೂಬ್‌ನಲ್ಲಿ ತುಣುಕುಗಳನ್ನು ತಾಳೆ ನೋಡುವ ಯಂತ್ರಕ್ಕೆ ವಿಮರ್ಶೆ ಯಾವುದು, ಕಳವು ಯಾವುದು ಎಂಬ ವಿವೇಚನೆ ಇಲ್ಲ. ಹೀಗಾಗಿ ತುಣುಕುಗಳನ್ನು ಚಿಕ್ಕದಾಗಿಟ್ಟು, ಉಳಿದದ್ದನ್ನು ಮಾತಿನಲ್ಲೇ ಕಟ್ಟಿಕೊಡುತ್ತೇನೆ.

ಸರಣಿಯ ಮುಂದಿನ ವಿಡಿಯೊ ಮುಖವಾಡವಿಲ್ಲದೆ ಮರೆಯಾದ ಒಬ್ಬ ಮನುಷ್ಯನ ಕುರಿತದ್ದು. ಬ್ಯಾಟ್‌ಮ್ಯಾನ್ 1939ರಲ್ಲಿ ಬಂದಾಗ ಹೆಸರು ಇದ್ದದ್ದು ಚಿತ್ರಕಾರ ಬಾಬ್ ಕೇನ್‌ದು ಮಾತ್ರ. ಆ ಮೇಲುಹೊದಿಕೆ, ತಲೆಮುಸುಕು, ಮುಸುಕಿನ ಹಿಂದಿನವನಿಗೆ ಬ್ರೂಸ್ ವೇಯ್ನ್ ಎಂಬ ಹೆಸರು, ಗಾಥಮ್ ಎಂಬ ಊರು ಎಲ್ಲ ಬಿಲ್ ಫಿಂಗರ್ ಎಂಬ ಬರಹಗಾರನ ಕಲ್ಪನೆ. ಆತ ತೀರಿಕೊಂಡದ್ದು 1974ರಲ್ಲಿ, ಸೃಷ್ಟಿಕರ್ತರ ಸಾಲಿನಲ್ಲಿ ಆತನ ಹೆಸರನ್ನೂ ಸೇರಿಸಲು ಬ್ಯಾಟ್‌ಮ್ಯಾನ್ ಪ್ರಕಟಿಸುವ ಡಿಸಿ ಕಂಪನಿ ಒಪ್ಪಿದ್ದು 2015ರಲ್ಲಿ. ಇಲ್ಲಿ ಗುಟ್ಟು ಒಬ್ಬರದು, ಬೆಲೆ ತೆತ್ತವನು ಇನ್ನೊಬ್ಬ. ಸ್ಕ್ರಿಪ್ಟ್ ಮುಗಿದಿದೆ, ಈ ವಾರವೇ ದನಿ ಕೊಡುತ್ತೇನೆ. ನೋಡಿ, ಒಪ್ಪದಿದ್ದರೆ ಜಗಳಕ್ಕೆ ಬನ್ನಿ.