ಪೊಲೀಸಿಗೆ ಹಿಡಿದುಕೊಡ್ತೀನಿ ಅನ್ನಬೇಡಿ

ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಗೆ ಹೋಗಿದ್ವಿ. ದನಗಳ ಜಾತ್ರೆ ನೋಡಿಕೊಂಡು ಅಂಗಡಿ ಸಾಲಿಗೆ ಬರುವಷ್ಟರಲ್ಲಿ ನಾಲ್ಕೂವರೆ ವರ್ಷದ ಮಗಳು ಕೈತಪ್ಪಿದಳು. ಜೀವ ಕೈಯಲ್ಲಿ ಹಿಡ್ಕೊಂಡು ಹುಡುಕಿದೆ. ಕೊನೆಗೆ ಸಿಕ್ಕಿದ್ದು ಕಡ್ಲೆಪುರಿ ಅಂಗಡಿಯಲ್ಲಿ, ಮೂಟೆಗಳ ಸಂದೀಲಿ. ಅಂಗಡಿಯವರು ಹೇಳಿದ ಮಾತು ಇವತ್ತಿಗೂ ಚುಚ್ಚುತ್ತೆ: "ಲೇಡಿ ಪೊಲೀಸೊಬ್ರು ಮಾತಾಡ್ಸೋಕೆ ಬಂದ್ರು ಕಣಮ್ಮ, ಅವ್ರನ್ನ ನೋಡಿದ್ದೇ ತಡ, ಒಳಗೆ ನುಗ್ಗಿ ಕೂತ್ಬಿಡ್ತು."

ಊಟ ಮಾಡದಿದ್ರೆ ಪೊಲೀಸ್, ಮಲಗದಿದ್ರೆ ಗುಮ್ಮ, ಹಠ ಮಾಡಿದ್ರೆ ಡಾಕ್ಟರ ಸೂಜಿ. ಎರಡು ವರ್ಷ ನಮ್ಮನೇಲಿ ನಡೆದಿದ್ದು ಇದೇ. ಕೆಲಸ ಬೇಗ ಆಗ್ತಿತ್ತು, ನಿಜ. "ನಾವೂ ಗುಮ್ಮನ ಹೆಸರು ಹೇಳ್ಕೊಂಡೇ ಮಕ್ಕಳನ್ನ ಸಾಕಿದ್ದು" ಅಂತಾರೆ ನಮ್ಮತ್ತೆ. ಆದ್ರೆ ಗುಮ್ಮ ಬೀದೀಲಿ ಎದುರಾಗಲ್ಲ, ಪೊಲೀಸರು, ಡಾಕ್ಟರು ಎದುರಾಗ್ತಾರೆ. ಮಗು ಕಳೆದುಹೋದಾಗ ಕೈ ಹಿಡಿಯಬೇಕಾದವರನ್ನೇ ನಾನು ಗುಮ್ಮ ಮಾಡಿಟ್ಟಿದ್ದೆ. 5 ವರ್ಷ ತುಂಬಿದ ಮೇಲೆ ಡಿಪಿಟಿ ಬೂಸ್ಟರ್ ಲಸಿಕೆ ಹಾಕಿಸಬೇಕು. ಸೂಜಿ ಅಂದ್ರೆ ಶಿಕ್ಷೆ ಅಂತ ನಂಬಿರೋ ಮಗುವನ್ನ ಏನಂತ ಹೇಳಿ ಕರ್ಕೊಂಡು ಹೋಗ್ಲಿ?

ಅಂಗನವಾಡಿಯಲ್ಲಿ ಮಾತ್ರ ಇದೇ ಮಗು ಹೇಳಿದ್ದೆಲ್ಲ ಕೇಳ್ತಾಳೆ. ಒಂದು ಬೆಳಗ್ಗೆ ಅಲ್ಲೇ ನಿಂತು ನೋಡಿದೆ. ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಪುಟ್ಟ ಪಾದಗಳನ್ನ ಜೋಡಿಜೋಡಿಯಾಗಿ ಬರೆದಿದ್ದಾರೆ. ಮಕ್ಕಳು ಬಂದವೇ ಬಗ್ಗಿ, ಎಡ-ಬಲ ನೋಡಿ, ಚಪ್ಪಲೀನ ಆ ಪಾದದ ಮೇಲೇ ಇಡ್ತವೆ. ಒಬ್ಬ ಹುಡುಗ ನೀರಿನ ಡ್ರಮ್ಮಿನ ಕಡೆ ಓಡಿದ. ಟೀಚರ್ ಕೂತಲ್ಲಿಂದ ಕೂಗಲಿಲ್ಲ. ಎದ್ದು ಹೋಗಿ, ಅವನೆದುರು ಕುಕ್ಕರಗಾಲಲ್ಲಿ ಕೂತು, ಭುಜ ಮುಟ್ಟಿ "ಮೆಲ್ಲಗೆ ನಡ್ಕೊಂಡು ಹೋಗು ಕಂದ" ಅಂದರು. ಅಂದು ಸುಮ್ಮನೆ ಕಾದರು. ಅವನು ನಡೆದ.

"ಓಡ್ಬೇಡ" ಅಂದ್ರೆ ಏನು ಮಾಡಬಾರದು ಅಂತಷ್ಟೇ ಗೊತ್ತಾಗುತ್ತೆ, ಏನು ಮಾಡಬೇಕು ಅನ್ನೋದನ್ನ ಮಗುವೇ ಹುಡುಕಬೇಕು. ಮಾಡ್ತಿರೋದನ್ನ ತಟ್ಟನೆ ತಡ್ಕೊಳ್ಳೋ ಶಕ್ತಿ ಆ ವಯಸ್ಸಿಗೆ ಬಲಿತಿರಲ್ಲ. ನಾನೋ, ಒಗ್ಗರಣೆ ಹಾಕ್ತಾ ಅಡುಗೆಮನೆಯಿಂದಲೇ "ಆಟದ ಸಾಮಾನು ಎತ್ತಿಡು, ಕೈ ತೊಳಿ, ಊಟಕ್ಕೆ ಬಾ" ಅಂತ ಒಂದೇ ಉಸಿರಲ್ಲಿ ಕೂಗ್ತಿದ್ದೆ. ಮೂರರಲ್ಲಿ ಒಂದೂ ಆಗದಿದ್ದಾಗ ಪೊಲೀಸರನ್ನ ಕರೀತಿದ್ದೆ. ಶಾಲೇಲಿ ಮಕ್ಕಳಿಗೆ ಹೊಡೆಯೋದು, ಮಾನಸಿಕ ಹಿಂಸೆ ಕೊಡೋದು 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ತಪ್ಪು. ಮನೇಲಿ ನಾವೇ ದಿನಾ ಹೆದರಿಸ್ತಿದ್ರೆ ಕೇಳೋರು ಯಾರು?

ಈಗ ಒಲೆ ಆರಿಸಿ ಅವಳ ಪಕ್ಕ ಹೋಗಿ ಕೂರ್ತೀನಿ. ಒಂದು ಸಲಕ್ಕೆ ಒಂದೇ ಮಾತು. ಹೊತ್ತು ಹಿಡಿಯುತ್ತೆ, ಕೆಲವು ದಿನ ಆಗೋದೇ ಇಲ್ಲ.

ನಿನ್ನೆ ರಸ್ತೆ ದಾಟುವಾಗ ಟ್ರಾಫಿಕ್ ಪೊಲೀಸಣ್ಣ ವಾಹನ ನಿಲ್ಲಿಸಿ ನಮ್ಮನ್ನ ದಾಟಿಸಿದರು, ಮಗಳಿಗೆ ಟಾಟಾ ಮಾಡಿದರು. ಅವಳು ನನ್ನ ದುಪಟ್ಟಾ ಬಿಡಲಿಲ್ಲ. ಆದ್ರೆ ಈ ಸಲ ಅದರಲ್ಲಿ ಮುಖ ಮುಚ್ಚಿಕೊಳ್ಳಲಿಲ್ಲ.